ಓಟಿಗೆ ಹದಿನೆಂಟು, ಎಣ್ಣೆಗೆ ಎಷ್ಟು?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮದುವೆ ಮನೆಯಲ್ಲಿ ಕೊನೆಯ ಪಂಕ್ತಿ ಎದ್ದ ಮೇಲೆ ಹಿತ್ತಿಲ ಮೂಲೆಯಲ್ಲಿ ಹುಡುಗರ ಗುಂಪೊಂದು ಕೂಡುತ್ತದೆ. ಕಾಲೇಜಿನವರು, ಬೆಂಗಳೂರಿನಿಂದ ರಜೆ ಹಾಕಿ ಬಂದವರು, ಪರದೇಶ ಸುತ್ತಿ ಬಂದ ಒಬ್ಬಿಬ್ಬರು. ಅಡಿಕೆ ರೇಟು ಮುಗಿದು ಮಾತು ಬಾಟಲಿಯ ಕಡೆ ತಿರುಗಿದರೆ, ಕುಡಿಯುವ ವಯಸ್ಸಿನ ಬಗ್ಗೆ ಅಲ್ಲಿ ಕೇಳಿಬರುವ ಹತ್ತು ಮಾತಿನಲ್ಲಿ ಅರ್ಧ ತಪ್ಪು, ಉಳಿದರ್ಧ ಅರೆಸತ್ಯ. ಹಿರಿಯರ ಜಗಲಿಯ ಮೇಲೂ ಪರಿಸ್ಥಿತಿ ಬಹಳ ಬೇರೆಯೇನಿಲ್ಲ. ಅಂಥ ಕೆಲವು ಮಾತುಗಳನ್ನು ಇಲ್ಲಿ ತಿರುವಿ ನೋಡೋಣ.

"ಹದಿನೆಂಟಾಯ್ತಲ್ಲ, ಇನ್ನೆಂತದು?"

ಕರ್ನಾಟಕದಲ್ಲಿ ಮದ್ಯ ಕೊಳ್ಳುವ ವಯಸ್ಸು 21. ಕರ್ನಾಟಕ ಅಬಕಾರಿ (ಸನ್ನದುಗಳ ಸಾಮಾನ್ಯ ಷರತ್ತುಗಳು) ನಿಯಮಗಳು ಎಂಬ 1967ರ ನಿಯಮಾವಳಿಯಲ್ಲಿ ಇದು ಸ್ಪಷ್ಟವಾಗಿಯೇ ಇದೆ: 21 ತುಂಬದವರಿಗೆ ಸನ್ನದುದಾರ ಮಾರುವಂತಿಲ್ಲ. ವೈನ್ ಶಾಪ್ ಇರಲಿ, ಬಾರ್ ಇರಲಿ, ಎಂಎಸ್‌ಐಎಲ್ ಮಳಿಗೆ ಇರಲಿ, ಎಲ್ಲಕ್ಕೂ ಒಂದೇ ಮಾತು.

ಹದಿನೆಂಟು ಎಂಬ ಸಂಖ್ಯೆ ತಲೆಯಲ್ಲಿ ಕೂತದ್ದು ಓಟಿನಿಂದ. ಅದಕ್ಕೂ ಮೊದಲು 21 ಇತ್ತು, ಸಂವಿಧಾನದ 61ನೇ ತಿದ್ದುಪಡಿ 1989ರಲ್ಲಿ ಜಾರಿಯಾದ ಮೇಲೆ 18ಕ್ಕೆ ಇಳಿಯಿತು. ಅಲ್ಲಿಂದ ಮುಂದೆ "ಪ್ರಧಾನಿಯನ್ನು ಆರಿಸಬಹುದಂತೆ, ಬಿಯರ್ ಆರಿಸಬಾರದಂತೆ" ಎಂಬ ವಾದ ಹುಟ್ಟಿತು. ಕೇಳಲು ಚೆನ್ನಾಗಿದೆ. ಆದರೆ ಅದೇ ಹುಡುಗ 18ಕ್ಕೆ ಗ್ರಾಮ ಪಂಚಾಯಿತಿಗೆ ನಿಲ್ಲುವಂತಿಲ್ಲ, 21 ಆಗಬೇಕು. ಲೋಕಸಭೆಗೆ 25. ಮದುವೆಗೂ ಗಂಡಿಗೆ 21. ನಮ್ಮ ಕಾನೂನು ಒಂದೊಂದು ಕೆಲಸಕ್ಕೆ ಒಂದೊಂದು ವಯಸ್ಸು ಇಟ್ಟಿದೆ. ಓಟಿನ ವಯಸ್ಸನ್ನು ಎಣ್ಣೆಗೆ ಎಳೆದು ತರುವವರು ಮದುವೆಯ ವಯಸ್ಸನ್ನು ಯಾಕೆ ತರುವುದಿಲ್ಲವೋ ನನಗೆ ಗೊತ್ತಾಗಿಲ್ಲ.

"ಸರ್ಕಾರವೇ ಹದಿನೆಂಟು ಮಾಡಿದೆ, ಪೇಪರಿನಲ್ಲಿ ಬಂದಿತ್ತು"

ಬಂದಿದ್ದು ನಿಜ. 2023ರ ಜನವರಿಯಲ್ಲಿ ಅಬಕಾರಿ ಇಲಾಖೆ ಕರಡು ಅಧಿಸೂಚನೆಯೊಂದನ್ನು ಹೊರಡಿಸಿ, 21 ಇದ್ದಲ್ಲಿ 18 ಎಂದು ತಿದ್ದುವ ಪ್ರಸ್ತಾವ ಇಟ್ಟು, ಆಕ್ಷೇಪಣೆಗೆ 30 ದಿನ ಕೊಟ್ಟಿತ್ತು. ಅಷ್ಟು ದಿನವೂ ಬೇಕಾಗಲಿಲ್ಲ. ನಾಲ್ಕೂ ಕಡೆಯಿಂದ ವಿರೋಧ ಬಂದು, ಅದೇ ತಿಂಗಳೊಳಗೆ ಇಲಾಖೆ ಪ್ರಸ್ತಾವವನ್ನು ಹಿಂದಕ್ಕೆ ತೆಗೆದುಕೊಂಡಿತು. ಕರಡು ಬಂದ ಸುದ್ದಿ ಮುಖಪುಟದಲ್ಲಿ ಓದಿದವರಿಗೆ ಅದು ವಾಪಸಾದ ಸುದ್ದಿ ಕಣ್ಣಿಗೆ ಬೀಳಲಿಲ್ಲ. ವಾಟ್ಸ್ಆ್ಯಪಿನಲ್ಲಂತೂ ಮೊದಲನೆಯದೇ ಇಂದಿಗೂ ಸುತ್ತುತ್ತಿದೆ.

ಇಲಾಖೆಗೆ ಆ ಯೋಚನೆ ಬಂದದ್ದಕ್ಕೆ ಒಂದು ಕಾರಣ ಇತ್ತು, ಅದನ್ನು ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ 36ನೇ ಕಲಮಿನಲ್ಲಿ ಮಾರಾಟಗಾರನ ತಪ್ಪುಗಳನ್ನು ಪಟ್ಟಿ ಮಾಡುವಾಗ 18 ವರ್ಷದೊಳಗಿನವರಿಗೆ ಮಾರುವುದು ಎಂದಿದೆ. ಅದೇ ಕಾಯ್ದೆಯ ಕೆಳಗೆ ಹುಟ್ಟಿದ ನಿಯಮದಲ್ಲಿ 21 ಎಂದಿದೆ. ತಾಯಿ ಒಂದು ಹೇಳುತ್ತಾಳೆ, ಮಗಳು ಇನ್ನೊಂದು. ಈ ಗೊಂದಲ ಬಗೆಹರಿಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೆ ಮಗಳನ್ನೇ ತಿದ್ದಬೇಕೆಂದೇನೂ ಇರಲಿಲ್ಲ, ಕಾಯ್ದೆಯಲ್ಲೂ 21 ಎಂದು ಬರೆದರೆ ಮುಗಿಯುತ್ತಿತ್ತು. ಬೀಡಿ ಸಿಗರೇಟಿನ ವಿಷಯದಲ್ಲಿ ರಾಜ್ಯ ಆ ದಾರಿಯನ್ನೇ ಹಿಡಿಯಿತು. 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಕರ್ನಾಟಕದಲ್ಲಿ ತಂಬಾಕು ಮಾರುವ ವಯಸ್ಸು 18ರಿಂದ 21ಕ್ಕೆ ಏರಿದೆ. ಗುಟ್ಕಾದ ಪಕ್ಕದಲ್ಲೇ ಚಾಕಲೇಟ್ ಡಬ್ಬಿ ಇಟ್ಟುಕೊಂಡ ನಮ್ಮ ಊರಿನ ಗೂಡಂಗಡಿಗಳಿಗೆ ಈ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

"ಗೋವಾದಲ್ಲಿ ನಡೀತದೆ, ಇಲ್ಲಿ ಯಾಕೆ ನಡೆಯೂದಿಲ್ಲ?"

ಕಾರವಾರ ದಾಟಿ ಮಾಜಾಳಿ ಗೇಟಿನಾಚೆ ಕಾಲಿಟ್ಟರೆ ವಯಸ್ಸು ಮೂರು ವರ್ಷ ಇಳಿಯುತ್ತದೆ. ಗೋವಾದಲ್ಲಿ 18. ಕೇರಳದಲ್ಲಿ 23. ಮಹಾರಾಷ್ಟ್ರದಲ್ಲಿ ಬಿಯರಿಗೆ 21, ವಿಸ್ಕಿ ಬ್ರಾಂಡಿಗೆ 25. ಗುಜರಾತ್, ಬಿಹಾರದಲ್ಲಿ ಎಷ್ಟೇ ವಯಸ್ಸಾದರೂ ಇಲ್ಲ. ಮದ್ಯವನ್ನು ಸಂವಿಧಾನ ರಾಜ್ಯಗಳ ಪಟ್ಟಿಗೆ ಹಾಕಿದೆ, ಹಾಗಾಗಿ ಇಡೀ ದೇಶಕ್ಕೆ ಒಂದೇ ವಯಸ್ಸು ಎಂಬುದು ಎಂದೂ ಇದ್ದದ್ದಲ್ಲ.

ಇದರ ಜೊತೆಗೇ ಬರುವ ಇನ್ನೊಂದು ತಪ್ಪು ತಿಳಿವಳಿಕೆ: ಅಲ್ಲಿ ಬಿಲ್ ಕೊಟ್ಟು ಕೊಂಡ ಬಾಟಲಿಯನ್ನು ಧೈರ್ಯವಾಗಿ ಮನೆಗೆ ತರಬಹುದು ಎಂಬುದು. ಕರ್ನಾಟಕಕ್ಕೆ ತೆರಿಗೆ ಕಟ್ಟದ, 'ಗೋವಾದಲ್ಲಿ ಮಾತ್ರ ಮಾರಾಟಕ್ಕೆ' ಎಂಬ ಚೀಟಿ ಅಂಟಿದ ಬಾಟಲಿ ಗಡಿ ದಾಟಿದರೆ ಬಿಲ್ ಯಾವ ಕೆಲಸಕ್ಕೂ ಬರುವುದಿಲ್ಲ. ಮಾಜಾಳಿಯಲ್ಲೋ ಅನಮೋಡದಲ್ಲೋ ಹಿಡಿದ ಗೋವಾ ಮದ್ಯದ ಸುದ್ದಿ ನಮ್ಮ ಜಿಲ್ಲೆಯ ಪತ್ರಿಕೆಗಳಿಗೆ ಮಳೆಯ ಸುದ್ದಿಯಷ್ಟೇ ಸಾಮಾನ್ಯ.

ಗಡಿ ಬದಲಾದಾಗ ಕಾನೂನು ಬದಲಾಗುವುದು ಈ ಮೂರು ತಾಲೂಕಿಗೆ ಹೊಸದೇನಲ್ಲ. 1956ರ ನವೆಂಬರ್‌ವರೆಗೆ ನಾವು ಮುಂಬಯಿ ರಾಜ್ಯದವರು. ಆ ರಾಜ್ಯದಲ್ಲಿ 1949ರ ಪಾನನಿರೋಧ ಕಾಯ್ದೆಯ ಪ್ರಕಾರ 1950ರಿಂದ ಪೂರ್ತಿ ಬಂದ್. ಪರವಾನಿಗೆ ಇಲ್ಲದೆ ಹದಿನೆಂಟರವನೂ ಕುಡಿಯುವಂತಿರಲಿಲ್ಲ, ಎಂಬತ್ತರವನೂ ಕುಡಿಯುವಂತಿರಲಿಲ್ಲ. ಮೈಸೂರು ರಾಜ್ಯಕ್ಕೆ ಸೇರಿ, 1967ರಲ್ಲಿ ಪಾನನಿರೋಧ ಹೋದ ಮೇಲೆಯೇ ಇಲ್ಲಿ ಸನ್ನದಿನ ಅಂಗಡಿ, ವಯಸ್ಸಿನ ಲೆಕ್ಕ ಎಲ್ಲ ಶುರುವಾದದ್ದು. 'ಹಿಂದಿನವರ ಕಾಲದಲ್ಲಿ ಇಂಥ ಕಟ್ಟುನಿಟ್ಟು ಇರಲಿಲ್ಲ' ಎನ್ನುವ ಅಜ್ಜಂದಿರು ಇದನ್ನು ಮರೆತಿದ್ದಾರೆ. ಕಾಡಿನ ಹಳ್ಳದ ಬದಿಯ ಕಳ್ಳಭಟ್ಟಿ ನೆನಪಿರುವವರಂತೂ ಮರೆತ ಹಾಗೆ ಮಾಡುತ್ತಾರೆ.

"ಅಮೆರಿಕದಲ್ಲಿ ಹೇಳೋರು ಕೇಳೋರು ಇಲ್ಲ"

ಸಿನಿಮಾ ನೋಡಿ ಹುಟ್ಟಿದ ನಂಬಿಕೆ ಇದು. ಮುಂದುವರಿದ ದೇಶಗಳಲ್ಲಿ ಈ ವಿಷಯಕ್ಕೆ ಬಹಳ ಬಿಗಿ ಇರುವುದು ಅಮೆರಿಕದಲ್ಲೇ. ಐವತ್ತೂ ರಾಜ್ಯಗಳಲ್ಲಿ 21. ಎಂಎಸ್ ಓದಲು ಹೋದ ನಮ್ಮೂರಿನ ಹುಡುಗರು ಅಂಗಡಿಯವ ಪಾಸ್‌ಪೋರ್ಟ್ ಕೇಳಿದಾಗ ಕಕ್ಕಾಬಿಕ್ಕಿಯಾಗುತ್ತಾರೆ. ತಲೆ ನೆರೆತವನನ್ನೂ ಕೆಲವು ಕಡೆ ಕೇಳುವುದುಂಟು.

ಅಲ್ಲಿಯ ಕಥೆ ನಮಗೆ ಪಾಠವಾಗುವಂಥದ್ದು. 1971ರಲ್ಲಿ ಅವರೂ ಓಟಿನ ವಯಸ್ಸನ್ನು 18ಕ್ಕೆ ಇಳಿಸಿದರು. ಯುದ್ಧಕ್ಕೆ ಕಳಿಸಬಹುದು, ಓಟು ಹಾಕಿಸಬಹುದು, ಕುಡಿಯಲು ಯಾಕೆ ಬಿಡಬಾರದು ಎಂಬ ವಾದ ಗೆದ್ದು, ನಾಲ್ಕೈದು ವರ್ಷದಲ್ಲಿ ಮೂವತ್ತರ ಹತ್ತಿರ ರಾಜ್ಯಗಳು ಕುಡಿಯುವ ವಯಸ್ಸನ್ನೂ ಇಳಿಸಿದವು. ಆಮೇಲೆ ರಸ್ತೆಯ ಮೇಲೆ ಹರೆಯದವರ ಸಾವು ಎಣಿಸುವ ಕೆಲಸ ಶುರುವಾಯಿತು. ಕುಡಿದು ಕಾರು ಓಡಿಸಿದವನಿಂದ ಮಗಳನ್ನು ಕಳೆದುಕೊಂಡ ಕ್ಯಾಂಡಿ ಲೈಟ್ನರ್ ಎಂಬ ತಾಯಿ 1980ರಲ್ಲಿ ಕಟ್ಟಿದ ಸಂಘಟನೆ ದೇಶ ತುಂಬ ಹಬ್ಬಿತು. ಅಲ್ಲಿಯೂ ಮದ್ಯ ರಾಜ್ಯಗಳ ಅಧಿಕಾರದ್ದೇ, ಕೇಂದ್ರ ನೇರವಾಗಿ ಕೈ ಹಾಕುವಂತಿರಲಿಲ್ಲ. ರೇಗನ್ ಸರ್ಕಾರ 1984ರಲ್ಲಿ ಬೇರೆ ದಾರಿ ಹಿಡಿಯಿತು: 21 ಮಾಡದ ರಾಜ್ಯಕ್ಕೆ ಹೆದ್ದಾರಿ ಅನುದಾನದಲ್ಲಿ ಒಂದು ಪಾಲು ಕಡಿತ. ಸೌತ್ ಡಕೋಟಾ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ 1987ರಲ್ಲಿ ಸೋತಿತು. 1988ರ ಹೊತ್ತಿಗೆ ಎಲ್ಲ ರಾಜ್ಯಗಳೂ ಸಾಲಿಗೆ ಬಂದವು.

ಅಲ್ಲಿಗೆ ವಾದ ಮುಗಿಯಿತೆಂದಲ್ಲ. 2008ರಲ್ಲಿ ಅಲ್ಲಿಯ ನೂರಕ್ಕೂ ಹೆಚ್ಚು ಕಾಲೇಜುಗಳ ಮುಖ್ಯಸ್ಥರು, 21 ಎಂದು ಇಟ್ಟದ್ದರಿಂದ ಹುಡುಗರು ಕದ್ದು, ಗಬಗಬ ಕುಡಿಯುತ್ತಿದ್ದಾರೆ, ಮರುಚಿಂತನೆ ಆಗಲಿ ಎಂದು ಸಹಿ ಹಾಕಿದರು. ಅದೂ ತೂಕದ ಮಾತೇ. ಆದರೆ ರಸ್ತೆಯ ಲೆಕ್ಕದ ಎದುರು ಆ ವಾದ ನಿಲ್ಲಲಿಲ್ಲ. ದೇವಿಮನೆ ಘಾಟಿಯ, ಅರಬೈಲ್ ಘಾಟಿಯ ತಿರುವುಗಳಲ್ಲಿ ರಾತ್ರಿ ಬೈಕ್ ಓಡಿಸುವವರು ಇರುವ ನಮ್ಮ ಕಡೆಗೂ ಆ ಲೆಕ್ಕವೇ ಹತ್ತಿರದ್ದು ಎಂದು ನನಗನ್ನಿಸುತ್ತದೆ.

"ಯುರೋಪಿನಲ್ಲಿ ಅಪ್ಪ ಅಮ್ಮನೇ ಕುಡಿಸಿ ಕಲಿಸ್ತಾರೆ, ಅದಕ್ಕೇ ಅಲ್ಲಿ ಕುಡುಕರಿಲ್ಲ"

ಮೊದಲರ್ಧ ಅಲ್ಲಲ್ಲಿ ಸರಿ. ಜರ್ಮನಿಯಲ್ಲಿ ಬಿಯರ್, ವೈನಿಗೆ 16. ತಂದೆತಾಯಿ ಜೊತೆಗಿದ್ದರೆ 14. ಇಂಗ್ಲೆಂಡಿನಲ್ಲಿ ಕೊಳ್ಳಲು 18, ಊಟದ ಜೊತೆ ಹಿರಿಯರು ಕೊಡಿಸಿದರೆ 16ರವರು ಬಿಯರ್ ಕುಡಿಯಬಹುದು. ಎರಡನೆಯ ಅರ್ಧ ಮಾತ್ರ ನೆಲ ಕಚ್ಚುತ್ತದೆ. ಜಗತ್ತಿನಲ್ಲಿ ತಲಾ ಮದ್ಯ ಸೇವನೆ ಅತಿ ಹೆಚ್ಚಿರುವ ಖಂಡ ಯುರೋಪು. ಅವರೇ ಈಗ ವಯಸ್ಸು ಏರಿಸುತ್ತಿದ್ದಾರೆ: ಫ್ರಾನ್ಸ್ 2009ರಲ್ಲಿ 16 ಇದ್ದದ್ದನ್ನು 18 ಮಾಡಿತು, ಲಿಥುವೇನಿಯಾ 2018ರಲ್ಲಿ 18 ಇದ್ದದ್ದನ್ನು 20 ಮಾಡಿತು. ಜಪಾನ್ 2022ರಲ್ಲಿ ಪ್ರಾಯಕ್ಕೆ ಬರುವ ವಯಸ್ಸನ್ನು 18ಕ್ಕೆ ಇಳಿಸಿಯೂ ಕುಡಿಯುವ ವಯಸ್ಸನ್ನು 20ರಲ್ಲೇ ಬಿಟ್ಟಿತು.

"ತರಲು ಹೇಳಿದ್ದಷ್ಟೆ, ಕುಡಿಸಿದ್ದಲ್ಲವಲ್ಲ"

ನಮ್ಮ ಕಡೆ ನಿಜವಾಗಿ ತಿಳಿಯಬೇಕಾದದ್ದು ಇದು. ಅಡಿಕೆ ಕೊಯ್ಲಿನ ದಿನಗಳಲ್ಲಿ ಸಂಜೆ ಕೆಲಸ ಬಿಡುವ ಹೊತ್ತಿಗೆ ಹೈಸ್ಕೂಲ್ ಹುಡುಗನ ಕೈಗೆ ನೋಟು ಕೊಟ್ಟು "ಎರಡು ಕ್ವಾರ್ಟರ್ ತಗೊಂಡ್ ಬಾ" ಎನ್ನುವುದು ಯಾರಿಗೂ ಅಪರಾಧ ಅನ್ನಿಸುವುದಿಲ್ಲ. ಅಂಗಡಿಯ ಕಬ್ಬಿಣದ ಜಾಲರಿಯ ಕಿಂಡಿಯಲ್ಲಿ ನೋಟು ಹಿಡಿದ ಕೈಯಷ್ಟೇ ಒಳಗೆ ಹೋಗುತ್ತದೆ, ಅದೇ ಕಿಂಡಿಯಿಂದ ಪೇಪರ್ ಸುತ್ತಿದ ಬಾಟಲಿ ಹೊರಗೆ ಬರುತ್ತದೆ. ಮುಖ ನೋಡುವ ಪ್ರಮೇಯವೇ ಬರುವುದಿಲ್ಲ. ತೊಂಬತ್ತರ ಟೆಟ್ರಾ ಪ್ಯಾಕ್ ಆದರಂತೂ ಶಾಲೆಯ ಚೀಲದಲ್ಲಿ ಕಂಪಾಸ್ ಬಾಕ್ಸಿನ ಪಕ್ಕ ಕೂರುತ್ತದೆ.

2015ರ ಬಾಲನ್ಯಾಯ ಕಾಯ್ದೆ ಇದನ್ನು ಹೇಗೆ ನೋಡುತ್ತದೆ ಗೊತ್ತೇ? 77ನೇ ಕಲಮು: 18 ತುಂಬದ ಮಗುವಿಗೆ, ವೈದ್ಯರ ಸಲಹೆ ಇಲ್ಲದೆ ಮದ್ಯ ಕೊಟ್ಟವರಿಗೆ, ಕೊಡಿಸಿದವರಿಗೆ 7 ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. 78ನೇ ಕಲಮು: ಮದ್ಯ ಮಾರಲು, ಹೊತ್ತು ತರಲು, ಒದಗಿಸಲು ಮಗುವನ್ನು ಬಳಸಿದವರಿಗೂ ಅಷ್ಟೇ ಶಿಕ್ಷೆ. ಅಂಗಡಿಯವ, ಮಾವ, ಪಕ್ಕದ ಮನೆಯ ಅಣ್ಣ ಎಂಬ ಭೇದ ಅದರಲ್ಲಿಲ್ಲ. ಗೃಹಪ್ರವೇಶದ ರಾತ್ರಿ ಪಿಯುಸಿ ಹುಡುಗನಿಗೆ "ಒಂದು ಗುಟುಕು ನೋಡು, ಗಂಡಸಾಗು" ಎಂದು ಲೋಟ ಮುಂದೆ ಹಿಡಿಯುವ ದೊಡ್ಡವರೂ ಇದರಲ್ಲೇ ಬರುತ್ತಾರೆ.

ಹೀಗಾಗಿ ವಯಸ್ಸಿನ ಕಾನೂನಿಗೆ ಎರಡು ಮೆಟ್ಟಿಲು. 18ರೊಳಗಿನವರಿಗೆ ಯಾರು ಕೊಟ್ಟರೂ ಕ್ರಿಮಿನಲ್ ಅಪರಾಧ. 18ರಿಂದ 21ರವರೆಗೆ ಹೊಣೆ ಸನ್ನದುದಾರನದು, ಅವನ ಸನ್ನದಿನ ಷರತ್ತು ಮುರಿಯುತ್ತದೆ. ಆಧಾರ್ ಅಥವಾ ಡಿಎಲ್ ತೋರಿಸು ಎಂದು ಕೇಳಬೇಕಾದವನು ಅವನು, ಕೇಳುತ್ತಾನೋ ಇಲ್ಲವೋ ಎಂದು ನೋಡಬೇಕಾದದ್ದು ಅಬಕಾರಿ ಇಲಾಖೆ. ವಯಸ್ಸು 18 ಇರಬೇಕೋ 21 ಇರಬೇಕೋ ಎಂದು ನಾವು ಗಂಟೆಗಟ್ಟಲೆ ಜಗಳ ಆಡುತ್ತೇವೆ. ಕಿಂಡಿಯಲ್ಲಿ ಯಾರೂ ಕೇಳದೇ ಇರುವಾಗ 18 ಆದರೇನು, 30 ಆದರೇನು?

"ಬಿಯರ್ ಎಂತ ಆಗ್ತಿಲ್ಲೆ ಮಾರಾಯ"

ಬಾಟಲಿಯ ಚೀಟಿ ಓದಿದರೆ ಸಾಕು. ನಮ್ಮಲ್ಲಿ ಸಿಗುವ ವಿಸ್ಕಿ, ರಮ್ಮಿನಲ್ಲಿ ಮದ್ಯಸಾರ ನೂರಕ್ಕೆ 42.8. ಅಂದರೆ 60 ಎಂಎಲ್‌ನ ಒಂದು ಲಾರ್ಜ್‌ನಲ್ಲಿ ಸುಮಾರು 26 ಎಂಎಲ್ ಶುದ್ಧ ಮದ್ಯಸಾರ. 650 ಎಂಎಲ್‌ನ ಸ್ಟ್ರಾಂಗ್ ಬಿಯರ್ ನೂರಕ್ಕೆ 8ರದ್ದಾದರೆ ಒಳಗೆ ಇರುವುದು 52 ಎಂಎಲ್. ಒಂದು ಬಾಟಲಿ ಬಿಯರ್ ಎಂದರೆ ಎರಡು ಲಾರ್ಜ್, ಹೆಚ್ಚಿಲ್ಲ ಕಡಿಮೆಯಿಲ್ಲ. ಮಹಾರಾಷ್ಟ್ರ, ಜರ್ಮನಿ ಬಿಯರಿಗೆ ಬೇರೆ ವಯಸ್ಸು ಇಟ್ಟಿವೆ, ಕರ್ನಾಟಕ ಇಟ್ಟಿಲ್ಲ. ಸಾತೊಡ್ಡಿ ಫಾಲ್ಸಿನ ಬಂಡೆಯ ಮೇಲೆ ಬಿಯರ್ ಹಿಡಿದು ಕೂರುವವರಿಗೆ ಇನ್ನೂ ಒಂದು ಮಾತು: ಸಾರ್ವಜನಿಕ ಜಾಗದಲ್ಲಿ ಕುಡಿಯುವುದು ನಮ್ಮ ಅಬಕಾರಿ ಕಾಯ್ದೆಯಲ್ಲಿ ಅಪರಾಧ, ಅದಕ್ಕೆ ವಯಸ್ಸಿನ ರಿಯಾಯಿತಿ ಇಲ್ಲ.

"ಈ ಮಳೆಗೆ, ಚಳಿಗೆ ಸ್ವಲ್ಪ ಬೇಕು"

ಆಷಾಢದ ಮಳೆಯಲ್ಲಿ ತೋಟದಿಂದ ನೆನೆದು ಬಂದವರ ಮಾತು. ಒಂದು ಗುಟುಕಿಗೆ ಮೈ ಬೆಚ್ಚಗಾದಂತೆ ಅನ್ನಿಸುವುದು ಸುಳ್ಳಲ್ಲ. ಚರ್ಮದ ಕೆಳಗಿನ ರಕ್ತನಾಳ ಹಿಗ್ಗಿ ಒಳಗಿನ ಬಿಸಿ ಹೊರಗೆ ಬರುತ್ತದೆ, ಬಂದ ಬಿಸಿ ಗಾಳಿಗೆ ಹೋಗುತ್ತದೆ. ದೇಹದ ಒಳಗಿನ ಉಷ್ಣ ಇಳಿಯುತ್ತದೆ. ಚಳಿ ಹೆಚ್ಚಾದಂತೆ ಇದು ಅಪಾಯವೂ ಹೌದು. ಬಿಸಿ ಕಷಾಯಕ್ಕೆ ಈ ತೊಂದರೆ ಇಲ್ಲ.

"ಈಗಿನ ಕಾಲದಲ್ಲಿ ಕುಡಿಯದವರು ಯಾರಿದ್ದಾರೆ?"

ಹರೆಯದವರನ್ನು ಒಪ್ಪಿಸಲು ಬಳಸುವ ಮಾತುಗಳಲ್ಲಿ ಇದೇ ಪ್ರಬಲ. 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ ಕುಡಿಯುತ್ತೇವೆ ಎಂದವರು ನೂರಕ್ಕೆ ಸುಮಾರು 19, ಹೆಂಗಸರಲ್ಲಿ ಒಬ್ಬರ ಲೆಕ್ಕ. ಸಮೀಕ್ಷೆಯವರ ಮುಂದೆ ಕೆಲವರು ಮುಚ್ಚಿಟ್ಟಿರಬಹುದು, ಒಪ್ಪೋಣ. ಆ ಸಂಖ್ಯೆಯನ್ನು ಎರಡು ಪಟ್ಟು ಮಾಡಿದರೂ ಹಿತ್ತಿಲ ಗುಂಪಿಗಿಂತ ಚಪ್ಪರದಡಿ ಮುರುಗಲು ಶರಬತ್ತು ಹಿಡಿದು ಕೂತವರೇ ಹೆಚ್ಚು.