ಬೋವಿಂಗ್ಟನ್ನಿನ ಟ್ಯಾಂಕುಗಳು, ಟೈನಮ್ಮಿನ ಮನೆಗಳು

ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಹತ್ತಿರ, ಡಾರ್ಸೆಟ್ ಸೀಮೆಯಲ್ಲಿ ವೂಲ್ ಎಂಬ ಪುಟ್ಟ ರೈಲು ನಿಲ್ದಾಣವಿದೆ. ಮೊದಲ ಮಹಾಯುದ್ಧ ನಡೆಯುತ್ತಿದ್ದ 1916ರಲ್ಲಿ ಟಾರ್ಪಾಲು ಹೊದ್ದ ಭಾರೀ ಯಂತ್ರಗಳು ಅಲ್ಲಿಗೆ ಬಂದಿಳಿಯತೊಡಗಿದವು. ಅವು ಬೋವಿಂಗ್ಟನ್ ಸೇನಾ ಶಿಬಿರದತ್ತ ಹೊರಟಾಗ ರಸ್ತೆಬದಿಯ ಮನೆಯವರು ಪರದೆ ಎಳೆದುಕೊಂಡು ಹಿಂದಿನ ಕೋಣೆಗೆ ಹೋಗಬೇಕು, ಯಾರೂ ಇಣುಕಬಾರದು ಎಂದು ತಾಕೀತು ಮಾಡಿದ್ದರಂತೆ. ಲೋಕದ ಕಣ್ಣಿಗೆ ಬೀಳಬಾರದೆಂದು ಅಷ್ಟು ಜೋಪಾನ ಮಾಡಿದ ಆ ಯಂತ್ರಗಳನ್ನು ನೋಡಲು ಈಗ ಪ್ರತಿವರ್ಷ ಜೂನ್ ಕೊನೆಯಲ್ಲಿ ಸಾವಿರಾರು ಜನ ಅದೇ ರಸ್ತೆ ಹಿಡಿಯುತ್ತಾರೆ. ಅಲ್ಲಿನ ಟ್ಯಾಂಕ್ ಮ್ಯೂಸಿಯಂ ನಡೆಸುವ ಮೂರು ದಿನಗಳ ಪ್ರದರ್ಶನದ ಹೆಸರು ಟ್ಯಾಂಕ್‌ಫೆಸ್ಟ್. ಟಿಕೆಟ್ಟುಗಳು ತಿಂಗಳುಗಳ ಮೊದಲೇ ಖಾಲಿಯಾಗುತ್ತವೆ. ದೂರದಿಂದ ಬರುವವರು ಸುತ್ತಲಿನ ಹೊಲಗಳಲ್ಲಿ ಟೆಂಟು ಹಾಕಿಕೊಂಡು ವಾರಾಂತ್ಯವನ್ನು ಅಲ್ಲೇ ಕಳೆಯುತ್ತಾರೆ.

ನಾವೂ ಹಾಗೆಯೇ ಹೋದೆವು. ಸೌತಾಂಪ್ಟನ್ನಿನಲ್ಲಿ ಎಂಜಿನಿಯರಾಗಿರುವ ನನ್ನ ಅಕ್ಕನ ಮಗ ಟೆಂಟು, ಗ್ಯಾಸ್ ಸ್ಟೌ, ನೆಲಕ್ಕೆ ಹಾಸುವ ದಪ್ಪ ಹಾಳೆ ಎಲ್ಲವನ್ನೂ ಹೊಂದಿಸಿದ್ದ. ಅಕ್ಕ ಊರಿಂದ ಕೊಟ್ಟುಕಳಿಸಿದ್ದ ಅವಲಕ್ಕಿಯೂ ಚಟ್ನಿಪುಡಿಯೂ ನನ್ನ ಚೀಲದಲ್ಲಿದ್ದವು. ಜೂನ್ ತಿಂಗಳ ಇಂಗ್ಲೆಂಡಿನಲ್ಲಿ ಸಂಜೆ ಒಂಬತ್ತು ದಾಟಿದರೂ ಬೆಳಕಿರುತ್ತದೆ. ಶುಕ್ರವಾರ ಆ ಬೆಳಕಿನಲ್ಲಿ ಗೂಟ ಹೊಡೆಯುತ್ತಿದ್ದಾಗ ಪಕ್ಕದಲ್ಲೇ ಒಂದು ವಿಲ್ಲೀಸ್ ಜೀಪು ಬಂದು ನಿಂತಿತು. ಅದರ ಯಜಮಾನ ನಿವೃತ್ತ ಮೆಕ್ಯಾನಿಕ್, ಹೆಂಡತಿಯೊಡನೆ ಬಂದಿದ್ದ. ಎರಡನೇ ಮಹಾಯುದ್ಧದ ಕಾಲದ ಆ ಜೀಪಿನ ಬಾನೆಟ್ಟು ಎತ್ತಿ ಕಾರ್ಬ್ಯುರೇಟರು, ಇಂಧನದ ಪಂಪು, ತಾನೇ ಕಡೆದು ಕೂರಿಸಿದ ಬುಶ್ಶುಗಳನ್ನು ಒಂದೊಂದಾಗಿ ತೋರಿಸಿದ. ಯುದ್ಧ ಮುಗಿದ ಮೇಲೆ ಇಂಥ ಜೀಪುಗಳು ನಮ್ಮ ಮಲೆನಾಡಿನ, ಕೊಡಗಿನ ಕಾಫಿ ತೋಟಗಳನ್ನೂ ಸೇರಿದವು, 1947ರಿಂದ ಮುಂಬಯಿಯಲ್ಲಿ ಮಹೀಂದ್ರಾದವರೇ ಅವನ್ನು ಜೋಡಿಸತೊಡಗಿದರು ಎಂದು ಹೇಳಿದೆ. ಅವನಿಗೆ ಅದು ಹೊಸ ಸುದ್ದಿ. ಮಳೆಗಾಲದ ಘಟ್ಟದ ಕೆಸರಿನಲ್ಲಿ ಯಾವ ಗೇರಿನಲ್ಲಿ ಓಡಿಸುತ್ತಾರೆ, ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಬಿಡದೆ ಕೇಳಿದ.

ಆ ಹೊಲದಲ್ಲಿ ನಾನು ಮಾತಾಡಿಸಿದವರೆಲ್ಲ ಹೆಚ್ಚುಕಡಿಮೆ ಹೀಗೆಯೇ ಇದ್ದರು. ಯುದ್ಧದ ವೀರಾವೇಶದ ಮಾತು ಯಾರ ಬಾಯಲ್ಲೂ ಇರಲಿಲ್ಲ. ಬೇರಿಂಗು, ಗ್ಯಾಸ್ಕೆಟ್ಟು, ಸಿಗದ ಟೈರು, ಇವೇ ಮಾತು. ತನ್ನ ತಾತ ಓಡಿಸಿದ್ದ ಬಗೆಯ ಲಾರಿಯನ್ನೇ ಹುಡುಕಿ ಕೊಂಡವರಿದ್ದರು. ತಂದೆ ಯುದ್ಧದ ಬಗ್ಗೆ ಒಂದು ಮಾತೂ ಆಡದೆ ತೀರಿಕೊಂಡರು, ಅವರು ಕೂತಿದ್ದ ಜಾಗದಲ್ಲಿ ಕೂತರೆ ಏನಾದರೂ ತಿಳಿದೀತೇನೋ ಎಂದು ಬಂದ ವಯಸ್ಸಾದ ಮಗಳೊಬ್ಬಳಿದ್ದಳು. ರಾತ್ರಿ ಸಣ್ಣ ಮಳೆ ಬಂತು. ಹತ್ತಿರದ ಕುರುಚಲು ಬಯಲಿನಿಂದ ನತ್ತಿಂಗ ಹಕ್ಕಿಯ ಒಂದೇ ಸಮನಾದ ಗುರುಗುಡುವಿಕೆ ಬಹಳ ಹೊತ್ತು ಕೇಳಿಸುತ್ತಿತ್ತು.

ಮ್ಯೂಸಿಯಮ್ಮಿನ ಹುಟ್ಟಿನ ಕಥೆ ಚಿಕ್ಕದು. ಮೊದಲ ಮಹಾಯುದ್ಧ ಮುಗಿದ ಮೇಲೆ ಫ್ರಾನ್ಸಿನಿಂದ ಮರಳಿದ ಟ್ಯಾಂಕುಗಳಲ್ಲಿ ಹೆಚ್ಚಿನವು ಗುಜರಿ ಸೇರಿದವು, ಕೆಲವನ್ನು ಮಾತ್ರ ಬೇಲಿಯೊಳಗೆ ಎತ್ತಿಟ್ಟರು. 1923ರಲ್ಲಿ ಭೇಟಿ ಕೊಟ್ಟ ಲೇಖಕ ರುಡ್ಯಾರ್ಡ್ ಕಿಪ್ಲಿಂಗ್ ಇವನ್ನು ಮ್ಯೂಸಿಯಂ ಮಾಡಿ ಉಳಿಸಿ ಎಂದರು. 1947ರಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆಯಿತು. ಈಗ ಅಲ್ಲಿ ಸುಮಾರು 300 ವಾಹನಗಳಿವೆ. 1915ರಲ್ಲಿ ಲಿಂಕನ್ ಪಟ್ಟಣದ ವಿಲಿಯಂ ಫಾಸ್ಟರ್ ಕಾರ್ಖಾನೆಯಲ್ಲಿ ತಯಾರಾದ, ಲೋಕದಲ್ಲಿ ಉಳಿದಿರುವ ಅತಿ ಹಳೆಯ ಟ್ಯಾಂಕ್ ‘ಲಿಟಲ್ ವಿಲ್ಲಿ’ಯೂ ಅಲ್ಲೇ ನಿಂತಿದೆ.

ನಿಂತಿರುವುದನ್ನು ನೋಡುವುದು ಬೇರೆ, ಓಡುವುದನ್ನು ನೋಡುವುದು ಬೇರೆ. ಶನಿವಾರ ಬೆಳಿಗ್ಗೆ ಮಣ್ಣಿನ ಅಖಾಡದ ಸುತ್ತ ದಿಬ್ಬದ ಮೇಲೆ ಕೂತಾಗ ಇದು ಮನದಟ್ಟಾಯಿತು. ಮೊದಲು ಬಂದದ್ದು ಮೊದಲ ಮಹಾಯುದ್ಧದ ಮಾರ್ಕ್ 4 ಟ್ಯಾಂಕಿನ ಪ್ರತಿಕೃತಿ. ‘ವಾರ್ ಹಾರ್ಸ್’ ಸಿನಿಮಾಕ್ಕಾಗಿ ಕಟ್ಟಿದ್ದು, ಈಗ ಮ್ಯೂಸಿಯಮ್ಮಿನದು. ಆಳು ನಡೆಯುವ ವೇಗದಲ್ಲಿ ಉರುಳುತ್ತಿತ್ತು. ಅಸಲಿ ಮಾರ್ಕ್ 4ರ ಒಳಗೆ ಎಂಟು ಜನ ಇರುತ್ತಿದ್ದರು. ಒಂದು ತಿರುವು ತಿರುಗಬೇಕಾದರೆ ನಾಲ್ವರು ಸೇರಿ ಗೇರು, ಬ್ರೇಕು ಎಳೆಯಬೇಕಿತ್ತು. 105 ಅಶ್ವಶಕ್ತಿಯ ಎಂಜಿನ್ನಿಗೆ ಬೇರೆ ಕೋಣೆಯೇ ಇರಲಿಲ್ಲ, ಆಳುಗಳ ನಡುವೆಯೇ ಉರಿಯುತ್ತಿತ್ತು. ಒಳಗಿನ ಶಾಖ 50 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿತ್ತು, ಹೊಗೆಯ ವಿಷದಿಂದ ಸೈನಿಕರು ತಲೆಸುತ್ತಿ ಬೀಳುತ್ತಿದ್ದರು. ಹೊರಗೆ ಗುಂಡು ಬಡಿದಾಗ ಒಳಗೋಡೆಯಿಂದ ಉಕ್ಕಿನ ಚೂರುಗಳು ಸಿಡಿದು ಮುಖಕ್ಕೆ ತಾಗುತ್ತಿದ್ದುದರಿಂದ ತೊಗಲಿನ ಮುಖವಾಡಕ್ಕೆ ಸರಪಳಿಯ ಜಾಲರಿ ಹೊಲಿದು ಕಟ್ಟಿಕೊಳ್ಳುತ್ತಿದ್ದರು. ಇದನ್ನೆಲ್ಲ ಪುಸ್ತಕದಲ್ಲಿ ಓದಿದ್ದೆ. ಆದರೆ ಆ ಗಾತ್ರದ ವಾಹನ ಒಂದು ತಿರುವಿಗೆ ಪಡುವ ಪಾಡನ್ನು ಕಣ್ಣಾರೆ ಕಂಡಾಗ ಒಳಗಿದ್ದ ಎಂಟು ಜನರ ಮೈ ನೆನಪಾಯಿತು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಟ್ಯಾಂಕು ಮೊದಲ ಬಾರಿಗೆ ಯುದ್ಧಕ್ಕಿಳಿದಾಗ ಗೊತ್ತುಮಾಡಿದ್ದ 49ರಲ್ಲಿ ಹಲವು ಹೊರಡುವ ಜಾಗವನ್ನೂ ತಲುಪದೆ ಕೆಟ್ಟು ನಿಂತವು.

ಮಧ್ಯಾಹ್ನದ ಹೊತ್ತಿಗೆ ದಿಬ್ಬದ ಮೇಲೆ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ಕಾಯುತ್ತಿದ್ದದ್ದು ಟೈಗರ್ 131ಕ್ಕೆ. ಜರ್ಮನಿ ಸುಮಾರು 1,350 ಟೈಗರ್-1 ಟ್ಯಾಂಕುಗಳನ್ನು ತಯಾರಿಸಿತ್ತು. ಅವುಗಳಲ್ಲಿ ತನ್ನ ಎಂಜಿನ್ನಿನ ಬಲದಲ್ಲಿ ಓಡಾಡುವ ಸ್ಥಿತಿಯಲ್ಲಿರುವುದು ಇದೊಂದೇ ಎಂದು ಮ್ಯೂಸಿಯಂ ಹೇಳುತ್ತದೆ. 1943ರ ಏಪ್ರಿಲ್‌ನಲ್ಲಿ ಟ್ಯುನೀಷಿಯಾದ ಕದನದಲ್ಲಿ ಬ್ರಿಟಿಷ್ ಗುಂಡೊಂದು ತಾಗಿ ಮೇಲಿನ ಗೋಪುರ ತಿರುಗದಂತೆ ಸಿಕ್ಕಿಕೊಂಡಿತು, ಒಳಗಿದ್ದ ಐವರೂ ಬಿಟ್ಟು ಹೋದರು. ನಮ್ಮ ನಾಲ್ಕನೇ ಇಂಡಿಯನ್ ಡಿವಿಷನ್ ಕೂಡ ಆ ವಸಂತದಲ್ಲಿ ಟ್ಯುನೀಷಿಯಾದ ಗುಡ್ಡಗಳಲ್ಲಿ ಹೋರಾಡುತ್ತಿತ್ತು. ವಶವಾದ ಟೈಗರನ್ನು ಟ್ಯೂನಿಸ್‌ನಲ್ಲಿ ಚರ್ಚಿಲ್ ಮತ್ತು ದೊರೆ ಆರನೇ ಜಾರ್ಜ್ ನೋಡಿದರು. ನಂತರ ಇಂಗ್ಲೆಂಡಿಗೆ ತಂದು ಬಿಚ್ಚಿ ಪರೀಕ್ಷಿಸಿದರು. 1951ರಲ್ಲಿ ಅದು ಮ್ಯೂಸಿಯಂ ಸೇರಿತು. 1990ರಲ್ಲಿ ಶುರುವಾದ ದುರಸ್ತಿ ಹತ್ತಾರು ವರ್ಷ ನಡೆಯಿತು.

ಅದು ಅಖಾಡಕ್ಕೆ ಬಂದಾಗ ಕಿವಿಗಿಂತ ಮೊದಲು ಕೂತ ನೆಲಕ್ಕೆ ಗೊತ್ತಾಯಿತು. 57 ಟನ್ನಿನ ಭಾರ, 88 ಮಿಲಿಮೀಟರಿನ ಫಿರಂಗಿ, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಸೇರಿಕೊಂಡ ಚಕ್ರಗಳು. ಓಡಿಸಿದ್ದು ಸ್ವಲ್ಪವೇ ಹೊತ್ತು, ಅದೂ ಮೆಲ್ಲಗೆ. ಅದರ ಗೇರ್‌ಬಾಕ್ಸಿನ ಒಂದು ಹಲ್ಲು ಮುರಿದರೂ ತಂದುಕೊಡುವ ಕಾರ್ಖಾನೆ ಇಂದು ಇಲ್ಲ. ಹೀಗೆ ಓಡಿಸಿ ಸವೆಸುವುದಕ್ಕಿಂತ ಗಾಜಿನ ಆಚೆ ನಿಲ್ಲಿಸುವುದೇ ಸರಿಯಲ್ಲವೇ ಎಂದು ಅಳಿಯ ಕೇಳಿದ. ಮ್ಯೂಸಿಯಂ ಲೋಕದಲ್ಲಿ ಇದು ನಿಜವಾದ ಚರ್ಚೆ. ಎಂಜಿನಿಯರಾದ ಅವನ ಒಲವು ನಿಲ್ಲಿಸುವ ಕಡೆಗಿತ್ತು. ನನ್ನದು ಓಡಿಸುವ ಕಡೆಗೆ. ಇದು ಬಂದಾಗ ಎದುರಿಗಿದ್ದ ಹತ್ತೊಂಬತ್ತರ ಹುಡುಗನ ಹೊಟ್ಟೆಯಲ್ಲಿ ಏನಾಗಿರಬೇಕು ಎಂಬುದರ ಒಂದು ಎಳೆಯಾದರೂ ಆ ನಡುಕದಲ್ಲಿ ತಿಳಿಯುತ್ತದೆ, ಗಾಜಿನಾಚೆಯ ಟ್ಯಾಂಕಿನಿಂದ ಅದು ತಿಳಿಯುವುದಿಲ್ಲ.

ಆದರೆ ಟೈಗರ್ ಹೊರಟಾಗ ಜನ ಚಪ್ಪಾಳೆ ತಟ್ಟಿದ್ದು ನನಗೆ ನುಂಗಲಾಗಲಿಲ್ಲ. ಅದು ನಾಜಿ ಸೇನೆಯ ಆಯುಧ. ದುರಸ್ತಿ ಮಾಡಿದವರ ಕೈಚಳಕಕ್ಕೆ ತಟ್ಟಿದ್ದು ಎಂದು ಪಕ್ಕದವರು ಹೇಳಿದರು. ಅವರ ಮಾತನ್ನು ನಂಬುತ್ತೇನೆ. ಆದರೂ ಆಯುಧವನ್ನು ಆಟದ ಬಯಲಿನಲ್ಲಿ ನೋಡುವಾಗ ಕೌಶಲ ಎಲ್ಲಿ ಮುಗಿಯುತ್ತದೆ, ಅದು ಕೊಂದವರ ಲೆಕ್ಕ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಪ್ರತಿಯೊಬ್ಬರೂ ತಮಗೆ ತಾವೇ ಕೇಳಿಕೊಳ್ಳಬೇಕು. ಧ್ವನಿವರ್ಧಕದಲ್ಲಿ ವಿವರಣೆ ಕೊಡುತ್ತಿದ್ದವರು ಒಳಗಿದ್ದ ಸೈನಿಕರ ಪಾಡನ್ನೂ ಹೇಳುತ್ತಿದ್ದರು. ಅದು ಇನ್ನೂ ಹೆಚ್ಚಿದ್ದರೆ ಚೆನ್ನಾಗಿತ್ತು.

ಅಮೆರಿಕದ ಶರ್ಮನ್ ಟ್ಯಾಂಕಿಗೆ ಟೈಗರಿನ ಖ್ಯಾತಿ ಇಲ್ಲ. ಅದು ಸುಮಾರು 49,000 ತಯಾರಾಯಿತು, ಎಲ್ಲಿ ಕೆಟ್ಟರೂ ಬಿಡಿಭಾಗ ಸಿಗುತ್ತಿತ್ತು. ಯುದ್ಧ ಗೆಲ್ಲಿಸಿದ್ದು ಆ ಸಂಖ್ಯೆ. ಭಾರತೀಯನಾಗಿ ನಾನು ಕಾದಿದ್ದು ಸೆಂಚುರಿಯನ್ನಿಗೆ. 1965ರಲ್ಲಿ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ತಡೆದು ನಿಲ್ಲಿಸಿದವುಗಳಲ್ಲಿ ನಮ್ಮ ಸೇನೆಯ ಸೆಂಚುರಿಯನ್‌ಗಳೂ ಇದ್ದವು. 1971ರಲ್ಲಿ ಬಸಂತರ್ ಕದನದಲ್ಲಿ ಇಪ್ಪತ್ತೊಂದರ ಅರುಣ್ ಖೇತರ್‌ಪಾಲ್ ಉರಿಯುತ್ತಿದ್ದ ತಮ್ಮ ಸೆಂಚುರಿಯನ್ ಬಿಟ್ಟು ಬರಲು ಒಪ್ಪದೆ ಪ್ರಾಣಕೊಟ್ಟು, ಮರಣಾನಂತರ ಪರಮವೀರ ಚಕ್ರ ಪಡೆದರು. ಸ್ಪಿಟ್‌ಫೈರ್ ವಿಮಾನದ ಮರ್ಲಿನ್ ಎಂಜಿನ್ನಿನಿಂದ ರೂಪಿಸಿದ ಮೀಟಿಯರ್ ಎಂಜಿನ್ ಈ ಟ್ಯಾಂಕಿನದು. ಆ ಗಂಭೀರ ಸದ್ದು ಕೇಳುತ್ತ ಆ ಹುಡುಗನ ವಯಸ್ಸನ್ನೇ ನೆನೆಯುತ್ತಿದ್ದೆ.

ಕೆಟ್ಟು ನಿಂತ ಟ್ಯಾಂಕನ್ನು ಎಳೆದೊಯ್ಯುವ ವಾಹನದ ಪ್ರಾತ್ಯಕ್ಷಿಕೆಗೆ ಜನ ಕಡಿಮೆ. ನನಗೆ ಅದು ಇಷ್ಟವಾಯಿತು. ಇಂಥದೇ ಕೆಲಸದ ಡಬ್ಲ್ಯೂಜೆಡ್‌ಟಿ-3 ಎಂಬ ಪೋಲೆಂಡ್ ವಿನ್ಯಾಸದ ವಾಹನವನ್ನು ನಮ್ಮ ಸೇನೆಗೆ ಕಟ್ಟಿಕೊಟ್ಟದ್ದು ಬಿಇಎಂಎಲ್. ಚಿನ್ನದ ಗಣಿಯ ಊರಾಗಿ ಮಾತ್ರ ನಾವು ಅರಿತಿರುವ ಕೆಜಿಎಫ್‌ನಲ್ಲಿ ಆ ಸಂಸ್ಥೆಯ ದೊಡ್ಡ ಕಾರ್ಖಾನೆ ಇದೆ. ಕೊನೆಗೆ ಬಂದ ಚಾಲೆಂಜರ್-2 ಇತಿಹಾಸದ್ದಲ್ಲ. ಬ್ರಿಟನ್ನು 2023ರಲ್ಲಿ ಉಕ್ರೇನಿಗೆ 14 ಚಾಲೆಂಜರ್‌ಗಳನ್ನು ಕೊಟ್ಟಿತು. ಅದು ಎದುರಿಗೆ ಹಾದುಹೋಗುವಾಗ ಇಂದೂ ಯಾವುದೋ ಹೊಲದಲ್ಲಿ ಇಂಥದೊಂದರೊಳಗೆ ಕೆಲವರು ಕೂತಿದ್ದಾರೆ ಎಂಬ ಅರಿವು ದಿಬ್ಬದ ಮೇಲಿನ ಮಾತನ್ನು ತಗ್ಗಿಸಿತ್ತು.

ಭಾನುವಾರ ನಾವು ಅಖಾಡಕ್ಕೆ ಮರಳಲಿಲ್ಲ. ಬೋವಿಂಗ್ಟನ್ನಿನ ಪಕ್ಕದಲ್ಲೇ ಕ್ಲೌಡ್ಸ್ ಹಿಲ್ ಎಂಬ ಪುಟ್ಟ ಮನೆ ಇದೆ. ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದ ಟಿ.ಇ. ಲಾರೆನ್ಸ್ 1923ರಲ್ಲಿ ಹೆಸರು ಮರೆಸಿಕೊಂಡು ಇಲ್ಲಿನ ಟ್ಯಾಂಕ್ ದಳದಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿದಾಗ ಹಿಡಿದ ಮನೆ. ಮೊದಲ ಮಹಾಯುದ್ಧದಲ್ಲಿ ಅರಬ್ ಮರುಭೂಮಿಯಲ್ಲಿ ಅವರು ನೆಚ್ಚಿದ್ದ ರೋಲ್ಸ್ ರಾಯ್ಸ್ ಕವಚವಾಹನದ ಬಗೆಯದೊಂದು ಮ್ಯೂಸಿಯಮ್ಮಿನಲ್ಲಿದೆ. ಅದೇ ಯುದ್ಧದ ಪ್ಯಾಲೆಸ್ಟೈನ್ ದಂಡಯಾತ್ರೆಯಲ್ಲಿ, 1918ರ ಸೆಪ್ಟೆಂಬರ್ 23ರಂದು, ನಮ್ಮ ಮೈಸೂರು ಲ್ಯಾನ್ಸರ್ಸ್ ಜೋಧಪುರದವರೊಡನೆ ಕುದುರೆಯ ಮೇಲೆ ಈಟಿ ಹಿಡಿದು ಮಷೀನ್‌ಗನ್ನುಗಳಿಗೆ ಎದುರಾಗಿ ಹೈಫಾ ಪಟ್ಟಣವನ್ನು ಗೆದ್ದರು. ಅದಕ್ಕೆ ಹತ್ತು ತಿಂಗಳ ಹಿಂದೆಯೇ ಫ್ರಾನ್ಸಿನ ಕಾಂಬ್ರೆಯಲ್ಲಿ 400ಕ್ಕೂ ಹೆಚ್ಚು ಟ್ಯಾಂಕುಗಳು ಒಟ್ಟಿಗೆ ನುಗ್ಗಿದ್ದವು. ಒಂದೇ ಯುದ್ಧದೊಳಗೆ ಎರಡು ಯುಗ. ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಆ ಲ್ಯಾನ್ಸರ್‌ಗಳ ಸ್ಮಾರಕವನ್ನು ನಮ್ಮಲ್ಲಿ ನಿಂತು ನೋಡುವವರು ಕಡಿಮೆ.

ಲಾರೆನ್ಸ್ 1935ರ ಮೇ ತಿಂಗಳಲ್ಲಿ ಇದೇ ಮನೆಯ ಹತ್ತಿರ ಮೋಟಾರ್‌ಬೈಕಿನಿಂದ ಬಿದ್ದು, ಆರು ದಿನಗಳ ಬಳಿಕ ಬೋವಿಂಗ್ಟನ್ ಶಿಬಿರದ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್ ಆಮೇಲೆ ಬೈಕ್ ಸವಾರರ ತಲೆಪೆಟ್ಟಿನ ಬಗ್ಗೆ ಅಧ್ಯಯನ ಮಾಡಿ 1941ರಲ್ಲಿ ಪ್ರಕಟಿಸಿದರು. ಸೇನೆಯ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾಗಲು ಆ ಕೆಲಸ ನೆರವಾಯಿತು.

ಅಲ್ಲಿಂದ ದಕ್ಷಿಣಕ್ಕೆ, ಸಮುದ್ರದ ಕಡೆ ಹೋದರೆ ಟೈನಮ್. 1943ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ಸಿಗೆ ಕೆಲವೇ ದಿನ ಮೊದಲು, ಈ ಹಳ್ಳಿ ಮತ್ತು ಸುತ್ತಲಿನ ಸುಮಾರು 7,500 ಎಕರೆ ಜಾಗವನ್ನು ಸೇನೆ ವಶಕ್ಕೆ ತೆಗೆದುಕೊಂಡಿತು. ಟ್ಯಾಂಕುಗಳ ಗುಂಡಿನ ಅಭ್ಯಾಸಕ್ಕೆ ಬಯಲು ಬೇಕಿತ್ತು. ಸುಮಾರು 225 ಜನ ಮನೆ ಬಿಟ್ಟರು. ಹೊರಡುವಾಗ ಚರ್ಚಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಮನೆಗಳನ್ನು ಜೋಪಾನವಾಗಿ ನೋಡಿಕೊಳ್ಳಿ, ಯುದ್ಧ ಗೆಲ್ಲಲೆಂದು ಬಿಟ್ಟುಕೊಡುತ್ತಿದ್ದೇವೆ, ಒಂದು ದಿನ ಮರಳಿ ಬರುತ್ತೇವೆ ಎಂದು ಬೇಡಿಕೊಂಡಿದ್ದರು. ಯುದ್ಧ ಮುಗಿಯಿತು. 1948ರಲ್ಲಿ ಸರ್ಕಾರ ಜಾಗವನ್ನು ಕಾಯಂ ಆಗಿ ಸ್ವಾಧೀನ ಮಾಡಿಕೊಂಡಿತು. ಅವರು ಮರಳಲಿಲ್ಲ. ಈಗ ಚರ್ಚೂ ಶಾಲೆಯೂ ಚೊಕ್ಕವಾಗಿವೆ, ಮನೆಗಳಿಗೆ ಮಾತ್ರ ಚಾವಣಿಯಿಲ್ಲ. ಒಲೆಯ ಗೂಡಿನಲ್ಲಿ ಗಿಡ ಬೆಳೆದಿದೆ. ಆಣೆಕಟ್ಟುಗಳಿಗೆ ಊರು ಕಳೆದುಕೊಂಡ ಶರಾವತಿ ಕಣಿವೆಯವರನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೇಶಕ್ಕಾಗಿ ಎಂದು ಬಿಟ್ಟುಕೊಟ್ಟವರಿಗೆ ದೇಶ ಎಷ್ಟು ಋಣಿ ಎಂಬ ಪ್ರಶ್ನೆಗೆ ಅಲ್ಲೂ ಉತ್ತರ ಸಿಕ್ಕಿಲ್ಲ, ಇಲ್ಲೂ ಸಿಕ್ಕಿಲ್ಲ.

ಟ್ಯಾಂಕ್‌ಫೆಸ್ಟಿನ ದಿಬ್ಬದಲ್ಲಿ ಕೂತವರಿಗೆ ಟ್ಯಾಂಕಿನ ಒಳಗಿದ್ದವರ ಪಾಡು ಅಷ್ಟಿಷ್ಟು ತಿಳಿಯುತ್ತದೆ. ಅದು ಓಡಾಡಲು ಯಾರ ನೆಲ ಹೋಯಿತು ಎಂಬುದು ಟೈನಮ್ಮಿಗೆ ಬಂದರಷ್ಟೇ ತಿಳಿಯುತ್ತದೆ. ಒಂದನ್ನು ಕಂಡು ಇನ್ನೊಂದನ್ನು ಬಿಟ್ಟರೆ ಪ್ರವಾಸ ಅರ್ಧವೇ. ಆ ನೆಲ ಇಂದಿಗೂ ಸೇನೆಯ ಲುಲ್ವರ್ತ್ ಫೈರಿಂಗ್ ರೇಂಜಿನ ಭಾಗ. ಅಭ್ಯಾಸವಿದ್ದಾಗ ರಸ್ತೆಗೆ ಗೇಟು ಬೀಳುತ್ತದೆ, ಹೆಚ್ಚಿನ ವಾರಾಂತ್ಯಗಳಲ್ಲಿ ತೆರೆದಿರುತ್ತದೆ. ಸಿಡಿಯದ ಗುಂಡುಗಳು ಮಣ್ಣಿನಲ್ಲಿರುವುದರಿಂದ ಹಳದಿ ಗುರುತಿನ ಕಂಬಗಳ ನಡುವಿನ ಕಾಲುದಾರಿ ಬಿಟ್ಟು ಕದಲುವಂತಿಲ್ಲ. ಹೋಗುವವರು ಗೇಟು ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಪ್ರದರ್ಶನಕ್ಕೆ ಒಂದು ದಿನ ಸಾಕು, ಎರಡನೆಯದನ್ನು ಈ ಊರಿಗೆ ಇಟ್ಟುಕೊಳ್ಳಿ.