ಮೋಟಾರಿನ ಮೈಗೆ ಕಾಪು

ಬಾದಾಮಿಯಿಂದ ಹೊರಟು ಬಾಗಲಕೋಟೆ, ಹುನಗುಂದಗಳ ಮೇಲೆ ಹಾದು ಇಳಕಲ್ ಮುಟ್ಟಿದ ಕಾರಿನ ಬಾನೆಟ್ಟಿನ ಮೇಲೆ ಒಮ್ಮೆ ಬೆರಳೆಳೆದು ನೋಡಿರಿ. ಕೈಗೆ ಹತ್ತಿದ ಧೂಳು ಒಂದೇ ಬಗೆಯದಲ್ಲ. ಬಾದಾಮಿಯ ಕೆಂಪು ಮರಳುಗಲ್ಲಿನ ಹುಡಿ, ಬಾಗಲಕೋಟೆಯ ಸುಣ್ಣಗಲ್ಲು ಮತ್ತು ಸಿಮೆಂಟಿನ ಬೂದಿಬಣ್ಣದ ಪುಡಿ, ಹುನಗುಂದದ ಎರೆಮಣ್ಣು, ಇಳಕಲ್ಲಿನ ಗ್ರಾನೈಟು ಕೊಯ್ಯುವಾಗ ಏಳುವ ದೂಳಿ, ಎಲ್ಲವೂ ಅದರಲ್ಲಿ ಕೂಡಿರುತ್ತವೆ. ಮರಳುಗಲ್ಲಿನಲ್ಲಿಯೂ ಗ್ರಾನೈಟಿನಲ್ಲಿಯೂ ಇರುವ ಬೆಣಚುಕಲ್ಲಿನ ಕಣ ಗಾಜನ್ನೇ ಗೀಚಬಲ್ಲುದು. ಕಾರಿನ ಬಣ್ಣದ ಪಾಡೇನು?

ಈಗಿನ ಕಾರುಗಳ ಬಣ್ಣದ ಮೇಲೆ ಬಣ್ಣವಿಲ್ಲದ ತಿಳಿ ವಾರ್ನಿಶಿನ ಪದರವೊಂದು ಇರುತ್ತದೆ. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನು, ಎಂದರೆ ನಮ್ಮ ತಲೆಗೂದಲಿಗಿಂತ ತೆಳುವು. ಹೊಳಪೆಲ್ಲ ಇದರದೇ. ಬೆಳಗ್ಗೆ ಎದ್ದು ಒಣ ಅರಿವೆಯಿಂದ ಕಾರನ್ನು ತಿಕ್ಕಿ ಒರಸುವವರು ಶುಚಿಮಾಡುತ್ತಿದ್ದೇವೆಂದೇ ತಿಳಿದಿರುತ್ತಾರೆ. ನಿಜದಲ್ಲಿ ಬೆಣಚಿನ ಹುಡಿಯಿಂದ ಆ ಪದರವನ್ನು ಸಾಣೆ ಹಿಡಿಯುತ್ತಿರುತ್ತಾರೆ. ಬಿಸಿಲಿನಲ್ಲಿ ಕಪ್ಪು ಕಾರಿನ ಮೇಲೆ ಜೇಡರಬಲೆಯಂತೆ ಕಾಣುವ ಗೀರುಗಳು ಹೀಗೆಯೇ ಹುಟ್ಟಿದವು.

ಇದಕ್ಕೆಂದು ಪೇಟೆಯಲ್ಲಿ ಹಲವು ಲೇಪಗಳಿವೆ. ಹಳೆಯದು ಮೇಣ. ಬ್ರೆಜಿಲ್ ದೇಶದ ಕಾರ್ನೌಬಾ ಎಂಬ ತಾಳೆಯ ಎಲೆಯಿಂದ ಬರುವ ಈ ಮೇಣ ಅಂದವಾಗಿಯೇನೋ ಹೊಳೆಯುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಕೆಲವು ವಾರಗಳಲ್ಲಿಯೇ ಸವೆದುಹೋಗುತ್ತದೆ. ಈಚಿನದು ಸಿರಾಮಿಕ್ ಲೇಪ. ಮರಳಿನಲ್ಲಿರುವ ಸಿಲಿಕಾ ವಸ್ತುವನ್ನೇ ಮೂಲವಾಗಿ ಉಳ್ಳ ಈ ದ್ರವ ವಾರ್ನಿಶಿಗೆ ಕಚ್ಚಿಕೊಂಡು ಗಟ್ಟಿಯಾಗುತ್ತದೆ. ಚೆನ್ನಾಗಿ ಹಚ್ಚಿದರೆ ಒಂದೆರಡು ವರ್ಷ ಬಾಳುತ್ತದೆ. ಆದರೆ ಅದರ ದಪ್ಪ ಒಂದೆರಡು ಮೈಕ್ರಾನು ಮಾತ್ರ. ಡಬ್ಬಿಯ ಮೇಲೆ ಬರೆದಿರುವ ‘9ಎಚ್’ ಎಂಬ ಗಡಸುತನ ಪೆನ್ಸಿಲಿನ ಮೊನೆಯಿಂದ ಅಳೆದದ್ದು, ಕಲ್ಲುಗಳ ಗಡಸುತನದ ಅಳತೆಯಲ್ಲ. ಗೀರೇ ಬೀಳದೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಅದರ ನಿಜವಾದ ಗುಣ ಬೇರೆ: ನೀರು ಹನಿಹನಿಯಾಗಿ ಜಾರುತ್ತದೆ, ಎರೆಯ ಕೆಸರು ಬಿಗಿಯಾಗಿ ಅಂಟುವುದಿಲ್ಲ. ತಿಕ್ಕುವ ಕೆಲಸ ಕಡಿಮೆಯಾದಷ್ಟು ಗೀರೂ ಕಡಿಮೆ. ಲಾರಿಯ ಹಿಂದಿನಿಂದ ಸಿಡಿಯುವ ಜಲ್ಲಿಗೆ ಇದು ಏನೂ ಮಾಡಲಾರದು. ಅದಕ್ಕೆ 150 ಮೈಕ್ರಾನಿಗೂ ಮಿಕ್ಕಿದ ಪಾಲಿಯುರೆಥೇನ್ ಹಾಳೆಯನ್ನು ಅಂಟಿಸಬೇಕು, ಅದು ದುಬಾರಿ.

ಲೇಪವನ್ನು ನೆರಳಿನಲ್ಲಿ, ತಂಪು ಹೊತ್ತಿನಲ್ಲಿ ಹಚ್ಚಬೇಕು. ಕಾದ ತಗಡಿನ ಮೇಲೆ ಅದು ಒರಸುವ ಮೊದಲೇ ಒಣಗಿ ಕಲೆ ಕಟ್ಟುತ್ತದೆ. ಹಳೆಯ ಗೀರುಗಳನ್ನು ಮೊದಲು ಪಾಲಿಶಿನಿಂದ ತೆಗೆಯದಿದ್ದರೆ ಅವೂ ಲೇಪದ ಕೆಳಗೆ ಭದ್ರವಾಗಿ ಉಳಿಯುತ್ತವೆ. ಸಿಮೆಂಟಿನ ಪುಡಿ ಕುಳಿತಿದ್ದರೆ ಒದ್ದೆ ಅರಿವೆ ತಾಗಿಸದೆ ಧಾರಾಳ ನೀರು ಬಿಟ್ಟು ಕೊಚ್ಚಿಬಿಡಬೇಕು. ಅರೆನೆನೆದ ಸಿಮೆಂಟು ಏನಾಗುವುದೆಂದು ಮನೆ ಕಟ್ಟಿಸಿದವರಿಗೆ ಹೇಳಬೇಕಾಗಿಲ್ಲ. ಕೊಳವೆಬಾವಿಯ ಗಡಸು ನೀರಿನಿಂದ ತೊಳೆದ ಮೇಲೆ ಬಿಸಿಲಿಗೆ ಒಣಗಲು ಬಿಟ್ಟರೆ ಸುಣ್ಣದ ಚುಕ್ಕೆಗಳು ಉಳಿಯುವುವು. ಲೇಪವಿದ್ದರೂ ಈ ಚುಕ್ಕೆ ತಪ್ಪದು.

ನೆರಳಿನ ಮಾತು ಬಂತು. ಬಾದಾಮಿಯ ಮೂರನೆಯ ಗುಹೆ 578ರ ಶಾಸನವುಳ್ಳದ್ದು. ಅಲ್ಲಿಯ ವರ್ಣಚಿತ್ರಗಳಲ್ಲಿ ಅಳಿದುಳಿದವು ಇರುವುದು ಸೂರಿನ ಒಳಮೈಯಲ್ಲಿ, ಬಿಸಿಲು ಮಳೆ ನೇರವಾಗಿ ಮುಟ್ಟದ ಜಾಗದಲ್ಲಿ. ತಗಡಿನ ಚಪ್ಪರವಿದ್ದವನು ಅರ್ಧ ಲೇಪ ಹಚ್ಚಿಸಿದಂತೆಯೇ ಸರಿ.

ಚಕ್ರಗಳ ಮಾತು ಚಿಕ್ಕದು. ಬ್ರೇಕಿನಿಂದ ಉದುರುವ ಬಿಸಿ ಕಬ್ಬಿಣದ ಪುಡಿ ಅಲಾಯ್ ಚಕ್ರದ ವಾರ್ನಿಶಿಗೆ ನಾಟಿಕೊಳ್ಳುತ್ತದೆ. ಚಕ್ರ ಬಿಚ್ಚಿ ಒಳಮೈಗೂ ಲೇಪ ಹಚ್ಚಿದರೆ ತೊಳೆಯುವುದು ಸುಲಭ. ಆರಿದ ಮೇಲೆಯೇ ತೊಳೆಯಿರಿ.

ಇನ್ನು ದೀಪಗಳು. ಕೈಯಲ್ಲಿರುವ ಹಣ ಒಂದಕ್ಕೇ ಸಾಲುವುದಾದರೆ ನಾನು ಹೊಳಪನ್ನು ಬಿಟ್ಟು ದೀಪಕ್ಕೆ ಖರ್ಚು ಮಾಡುವೆನು. ಅಂಬಾಸಿಡರ್ ಕಾರಿನ ಮುಂದೀಪಕ್ಕೆ ಗಾಜಿತ್ತು, ಅದು ಮಾಸುತ್ತಿರಲಿಲ್ಲ. ಈಗಿನದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಸೂರ್ಯನ ನೇರಳಾತೀತ ಕಿರಣ ತಡೆಯುವ ತೆಳು ಪದರವೊಂದನ್ನು ಕಾರ್ಖಾನೆಯಲ್ಲಿಯೇ ಅದಕ್ಕೆ ಹಾಕಿರುತ್ತಾರೆ. ಆ ಪದರ ಸವೆದಂತೆ ದೀಪ ಹಳದಿಯಾಗಿ ಮಂಕಾಗುತ್ತದೆ. ಕಣ್ಣು ನಿಧಾನವಾಗಿ ಒಗ್ಗಿಕೊಳ್ಳುವುದರಿಂದ ಓಡಿಸುವವನಿಗೆ ಇದು ತಿಳಿಯುವುದೇ ಇಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರು ಹಿಂದೀಪವಿಲ್ಲದೆ ಕತ್ತಲೆಯಲ್ಲಿ ಎದುರಾದಾಗ ಮಾತ್ರ ತಿಳಿಯುತ್ತದೆ.

ಟೂತ್‌ಪೇಸ್ಟಿನಿಂದ ತಿಕ್ಕಿದರೆ ಹೊಳಪು ಬರುತ್ತದೆ. ಕೆಲ ವಾರಗಳಲ್ಲಿ ಮತ್ತೆ ಮಂಕು, ಏಕೆಂದರೆ ಉಳಿದಿದ್ದ ಕಾಪಿನ ಪದರವೂ ಹೋಯಿತು. ಇಳಕಲ್ಲಿನಲ್ಲಿ ಕಲ್ಲಿಗೆ ಹೊಳಪು ಕೊಡುವ ಕ್ರಮವೇ ಇದಕ್ಕೂ ಸರಿ: ಒರಟಿನಿಂದ ನುಣುಪಿಗೆ. ಸುತ್ತಲಿನ ಬಣ್ಣಕ್ಕೆ ಟೇಪು ಅಂಟಿಸಿ, ನೀರು ಹಚ್ಚುತ್ತ 1000, 2000, 3000 ಅಂಕದ ಉಜ್ಜುಗಾಗದಗಳಿಂದ ಕ್ರಮವಾಗಿ ಉಜ್ಜಿ, ಪಾಲಿಶ್ ಮಾಡಿ, ಜಿಡ್ಡು ಒರಸಿ, ಕೊನೆಗೆ ನೇರಳಾತೀತ ಕಿರಣ ತಡೆಯುವ ತಿಳಿ ವಾರ್ನಿಶನ್ನು ಹಾಕಿಸಬೇಕು. ಈ ಕೊನೆಯ ಕೆಲಸವನ್ನು ಮಾಡದ ಗ್ಯಾರೇಜಿಗೆ ಹಣ ಕೊಡಬೇಡಿರಿ. ಮಂಕು ದೀಪದ ಒಳಬದಿಯಲ್ಲಿದ್ದರೆ ಇದಾವುದೂ ನಡೆಯದು, ದೀಪವನ್ನೇ ಬದಲಿಸಬೇಕು.

ಕೆಲಸವಾದ ರಾತ್ರಿ ಕಾರನ್ನು ಗೋಡೆಯಿಂದ ಹತ್ತು ಮಾರು ದೂರ, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಎರಡೂ ದೀಪಗಳ ಬೆಳಕು ಒಂದೇ ಎತ್ತರಕ್ಕೆ, ಒಂದೇ ಪ್ರಮಾಣದಲ್ಲಿ ಬೀಳುತ್ತಿದೆಯೇ ನೋಡಿಕೊಳ್ಳಿರಿ.