ತಾರೆಯನ್ನು ಬಿಟ್ಟುಕೊಡುವ ಹೊತ್ತು

ಸೋಲುತ್ತಿರುವ ತಂಡದಲ್ಲಿ ಒಬ್ಬನೇ ಒಬ್ಬ ದೊಡ್ಡ ಆಟಗಾರನಿದ್ದರೆ ಅವನನ್ನು ಉಳಿಸಿಕೊಳ್ಳಬೇಕೋ, ಬೇರೆ ತಂಡಕ್ಕೆ ಕೊಟ್ಟು ಹೊಸದಾಗಿ ಶುರು ಮಾಡಬೇಕೋ? ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಆಡಳಿತದವರ ನಿದ್ದೆ ಕೆಡಿಸುವ ಪ್ರಶ್ನೆ ಇದು. ಐಪಿಎಲ್‌ನ ಮಹಾ ಹರಾಜಿನಂತೆ ಒಂದೆರಡು ದಿನದಲ್ಲಿ ತಂಡವನ್ನು ಬದಲಿಸಿಕೊಳ್ಳುವ ದಾರಿ ಅಲ್ಲಿಲ್ಲ. ಸಂಬಳಕ್ಕೆ ಮಿತಿ ಇದೆ. ಹೊಸ ಪ್ರತಿಭೆಗಳು ಬರುವುದು ವರ್ಷಕ್ಕೊಮ್ಮೆ ನಡೆಯುವ ಡ್ರಾಫ್ಟ್‌ನಿಂದ. ಅಲ್ಲಿ ಸೋತ ತಂಡಗಳಿಗೆ ಮೊದಲು ಆರಿಸಿಕೊಳ್ಳುವ ಅವಕಾಶ ಹೆಚ್ಚು. ಮುಂದಿನ ವರ್ಷಗಳ ಆಯ್ಕೆಯ ಹಕ್ಕನ್ನೂ ತಂಡಗಳು ಈಗಲೇ ಕೊಟ್ಟು ತೆಗೆದುಕೊಳ್ಳುತ್ತವೆ. ಇಂಥ ವ್ಯವಸ್ಥೆಯಲ್ಲಿ ತಾರೆಯ ಬೆಲೆ ಅವನ ಆಟವೊಂದರಿಂದಲೇ ನಿರ್ಧಾರವಾಗುವುದಿಲ್ಲ. ವಯಸ್ಸು, ಕರಾರಿನಲ್ಲಿ ಉಳಿದಿರುವ ವರ್ಷಗಳು, ಎದುರಿನ ತಂಡದ ಆತುರ ಎಲ್ಲವೂ ಸೇರಿ ನಿರ್ಧಾರವಾಗುತ್ತದೆ. ಆ ಬೆಲೆ ಏರಿದ್ದಾಗಲೇ ಬಿಟ್ಟುಕೊಡುವ ಧೈರ್ಯ ಸೋಲುತ್ತಿರುವ ತಂಡಕ್ಕೆ ಇರಬೇಕು ಎಂಬುದು ನನ್ನ ವಾದ.

ವಾಷಿಂಗ್ಟನ್ ವಿಜರ್ಡ್ಸ್ ತಂಡಕ್ಕೆ ಆ ಧೈರ್ಯ ಬರಲಿಲ್ಲ. ಅದರ ಬ್ರಾಡ್ಲಿ ಬೀಲ್ 2020–21ರಲ್ಲಿ ಪಂದ್ಯಕ್ಕೆ ಸರಾಸರಿ 31.3 ಅಂಕ ಗಳಿಸಿ, ಇಡೀ ಲೀಗಿನಲ್ಲಿ ಸ್ಟೀಫನ್ ಕರಿಯೊಬ್ಬನ ಹಿಂದಷ್ಟೇ ಇದ್ದ. ಆದರೂ ತಂಡ ಗೆದ್ದದ್ದು 34 ಪಂದ್ಯ, ಸೋತದ್ದು 38. ಅವನಿಗೆ ಸಿಗಬಹುದಾಗಿದ್ದ ಅತಿ ದೊಡ್ಡ ಬೆಲೆ ಆಗಲೇ ಇತ್ತು. ಮುಂದಿನ ವರ್ಷ ಮಣಿಕಟ್ಟಿನ ಗಾಯದಿಂದ ಅವನ ಋತು 40 ಪಂದ್ಯಕ್ಕೇ ಮುಗಿಯಿತು. ತಂಡ 35 ಗೆದ್ದು 47 ಸೋತಿತು. 2022ರಲ್ಲಿ ವಾಷಿಂಗ್ಟನ್ ಅವನ ಜೊತೆ ಐದು ವರ್ಷಕ್ಕೆ 25.1 ಕೋಟಿ ಡಾಲರ್ ಕರಾರು ಮಾಡಿಕೊಂಡಿತು. ಸಾಲದ್ದಕ್ಕೆ, ಅವನು ಒಪ್ಪದೆ ಯಾವ ತಂಡಕ್ಕೂ ಕಳಿಸುವಂತಿಲ್ಲ ಎಂಬ ಷರತ್ತಿಗೂ ಸಹಿ ಹಾಕಿತು. ಮರುವರ್ಷವೂ ಫಲಿತಾಂಶ ಅದೇ, 35–47. ಕೊನೆಗೆ 2023ರ ಜೂನ್‌ನಲ್ಲಿ ಅವನನ್ನು ಫೀನಿಕ್ಸ್‌ಗೆ ಕೊಟ್ಟಾಗ ಡ್ರಾಫ್ಟ್‌ನ ಮೊದಲ ಸುತ್ತಿನ ಒಂದು ಸ್ವತಂತ್ರ ಆಯ್ಕೆಯೂ ಕೈಗೆ ಬರಲಿಲ್ಲ. ಸಿಕ್ಕಿದ್ದು ಆಯ್ಕೆಯ ಸ್ಥಾನ ಅದಲುಬದಲು ಮಾಡಿಕೊಳ್ಳುವ ಹಕ್ಕು, ಎರಡನೇ ಸುತ್ತಿನ ಆಯ್ಕೆಗಳು, ವಯಸ್ಸಾಗಿದ್ದ ಕ್ರಿಸ್ ಪಾಲ್ ಮತ್ತು ಲ್ಯಾಂಡ್ರಿ ಶಾಮೆಟ್. ಷರತ್ತಿನ ಬಲದಿಂದ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವವನು ಆಟಗಾರನೇ ಆಗಿದ್ದ. ಚೌಕಾಸಿಗೆ ವಾಷಿಂಗ್ಟನ್ ಬಳಿ ಏನೂ ಉಳಿದಿರಲಿಲ್ಲ.

ಒಕ್ಲಹೋಮ ಸಿಟಿ ಥಂಡರ್ ನಡೆದದ್ದು ಬೇರೆ ದಾರಿಯಲ್ಲಿ. 2019ರಲ್ಲಿ ಅದು ತಳದ ತಂಡವಾಗಿರಲಿಲ್ಲ, ಆದರೆ ಸತತ ಮೂರು ವರ್ಷ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಹೊರಬಿದ್ದಿತ್ತು. ಆ ಜುಲೈಯಲ್ಲಿ ಅದರ ತಾರೆ ಪಾಲ್ ಜಾರ್ಜ್ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ಗೆ ಹೋಗಲು ಬಯಸಿದಾಗ, ಇನ್ನೊಬ್ಬ ತಾರೆ ಕವಾಯ್ ಲೆನರ್ಡ್ ಜೊತೆಗೆ ಅವನನ್ನೂ ಸೇರಿಸಿಕೊಳ್ಳಲು ಕ್ಲಿಪ್ಪರ್ಸ್ ಎಷ್ಟು ಕಾತರದಲ್ಲಿದೆ ಎಂಬುದನ್ನು ಥಂಡರ್‌ನ ಮುಖ್ಯಸ್ಥ ಸ್ಯಾಮ್ ಪ್ರೆಸ್ಟಿ ಸರಿಯಾಗಿ ಅಳೆದರು. ಮೊದಲ ಸುತ್ತಿನ ಐದು ಆಯ್ಕೆ, ಎರಡು ಅದಲುಬದಲಿನ ಹಕ್ಕು, ಡನಿಲೊ ಗಲ್ಲಿನಾರಿ, ಜೊತೆಗೆ ಇಪ್ಪತ್ತರ ಹುಡುಗ ಶೇ ಗಿಲ್ಜಸ್-ಅಲೆಕ್ಸಾಂಡರ್ ಇವೆಲ್ಲ ಥಂಡರ್ ಪಾಲಾದವು. ಅಲ್ಲಿಂದ ಬಂದ ಆಯ್ಕೆಯೊಂದರಿಂದಲೇ 2022ರಲ್ಲಿ ಜೇಲನ್ ವಿಲಿಯಮ್ಸ್ ಸಿಕ್ಕ. 2025ರಲ್ಲಿ ಥಂಡರ್ ಚಾಂಪಿಯನ್ ಆಯಿತು. ಋತುವಿನ ಅತ್ಯುತ್ತಮ ಆಟಗಾರ, ಫೈನಲ್‌ನ ಅತ್ಯುತ್ತಮ ಆಟಗಾರ ಎರಡೂ ಗಿಲ್ಜಸ್-ಅಲೆಕ್ಸಾಂಡರ್.

ಇದು ಅದೃಷ್ಟ ಎನ್ನುವವರಿದ್ದಾರೆ. ಲೆನರ್ಡ್‌ನಂಥವನು ಎದುರಿನ ತಂಡವನ್ನು ಅವಸರಕ್ಕೆ ನೂಕುವುದು ದಿನಾ ನಡೆಯುವ ಸಂಗತಿಯಲ್ಲ, ಒಪ್ಪುತ್ತೇನೆ. ಆದರೆ ಆ ಅವಸರದಲ್ಲಿ ಹೆಸರುವಾಸಿ ಆಟಗಾರರ ಬದಲು ಇನ್ನೂ ಬೆಳೆಯುತ್ತಿದ್ದ ಹುಡುಗನನ್ನೇ ಕೇಳಿ ಪಡೆದದ್ದು ತೀರ್ಮಾನ, ಅದೃಷ್ಟವಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ತಾರೆಯನ್ನು ಕೊಟ್ಟು ಸೋಲುತ್ತ ಕೂತ ಎಷ್ಟೋ ತಂಡಗಳು ಮೇಲೇಳಲಿಲ್ಲ. ನಿಜ. 2019ರಲ್ಲಿ ಬಂದ ನಿಯಮದಂತೆ, ಆಯ್ಕೆಯ ಕ್ರಮ ತೀರ್ಮಾನಿಸುವ ಡ್ರಾಫ್ಟ್ ಲಾಟರಿಯಲ್ಲಿ ಕೊನೆಯ ಮೂರು ತಂಡಗಳಿಗೂ ಮೊದಲ ಆಯ್ಕೆಯ ಸಾಧ್ಯತೆ ತಲಾ ಶೇ 14 ಮಾತ್ರ. ಡೆಟ್ರಾಯಿಟ್ 2023–24ರಲ್ಲಿ ಸತತ 28 ಪಂದ್ಯ ಸೋತಿತು. ಅಷ್ಟು ಸೋತರೂ ಮುಂದಿನ ಡ್ರಾಫ್ಟ್‌ನಲ್ಲಿ ಸಿಕ್ಕಿದ್ದು ಐದನೇ ಸ್ಥಾನ. ಸೋಲನ್ನೇ ಯೋಜನೆ ಮಾಡಿಕೊಳ್ಳಬಾರದು ಎಂಬುದಕ್ಕೆ ಇದು ಸಾಕ್ಷಿ. ಅದಕ್ಕೇ ತಾರೆಯ ಬದಲಿಗೆ ಬರೀ ಭವಿಷ್ಯದ ಆಯ್ಕೆಗಳನ್ನು ತೆಗೆದುಕೊಂಡರೆ ಸಾಲದು, ಅಂಗಳದಲ್ಲಿ ಈಗಾಗಲೇ ಸಾಮರ್ಥ್ಯ ತೋರಿಸಿದ ಎಳೆಯನೊಬ್ಬನಾದರೂ ಬರಬೇಕು.

ಹಾಗಾದರೆ ತಾರೆಯನ್ನು ಕೊಳ್ಳುವುದು ಯಾವಾಗಲೂ ತಪ್ಪೇ? ಅಲ್ಲ. 2022ರಲ್ಲಿ ಮಿನೆಸೋಟಾ ರೂಡಿ ಗೋಬರ್‌ಗಾಗಿ ಮೊದಲ ಸುತ್ತಿನ ನಾಲ್ಕು ಆಯ್ಕೆ ಕೊಟ್ಟಾಗ ಬಹಳ ಜನ ಟೀಕಿಸಿದ್ದರು; ಅದು 2024, 2025 ಎರಡೂ ವರ್ಷ ಪಶ್ಚಿಮ ವಲಯದ ಫೈನಲ್ ತಲುಪಿತು. ಆದರೆ ಅಲ್ಲಿ ಆಂಥನಿ ಎಡ್ವರ್ಡ್ಸ್ ಆಗಲೇ ಇದ್ದ, ಬೆಳೆಯುತ್ತಲೂ ಇದ್ದ. ತಂಡದ ಬುನಾದಿಯೇ ಇಲ್ಲದೆ ತಾರೆಯನ್ನು ಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ಬ್ರೂಕ್ಲಿನ್ ಇದೆ. 2013ರಲ್ಲಿ 37ರ ಕೆವಿನ್ ಗಾರ್ನೆಟ್, 35ರ ಪಾಲ್ ಪಿಯರ್ಸ್ ಇವರಿಗಾಗಿ ಅದು ಬಿಟ್ಟುಕೊಟ್ಟ ಆಯ್ಕೆಗಳಿಂದಲೇ ಬಾಸ್ಟನ್ ತಂಡಕ್ಕೆ ಜೇಲನ್ ಬ್ರೌನ್, ಜೇಸನ್ ಟೇಟಮ್ ಬಂದರು. ಬ್ರೂಕ್ಲಿನ್ 2016–17ರಲ್ಲಿ 20 ಪಂದ್ಯ ಗೆದ್ದು 62 ಸೋತಿತು. ಸೋಲಿನ ಫಲವಾಗಿ ಸಿಗಬೇಕಿದ್ದ ಆಯ್ಕೆಯೂ ಅದರ ಬಳಿ ಇರಲಿಲ್ಲ.

ಅಭಿಮಾನಿಗಳ ಮಾತು ಉಳಿಯಿತು. ಮಗುವಿಗೆ ಜೆರ್ಸಿ ಕೊಡಿಸಿ, ಟಿಕೆಟ್ ಕೊಂಡು ಬಂದವರಿಗೆ ಅವರ ಆಟಗಾರನನ್ನೇ ಕಳಿಸಿಬಿಟ್ಟರೆ ನೋವಾಗುತ್ತದೆ, ಅದನ್ನು ಲೆಕ್ಕಾಚಾರದಿಂದ ಅಳಿಸಲಾಗದು. ಆದರೆ ವಾಷಿಂಗ್ಟನ್ ತನ್ನ ಅಭಿಮಾನಿಗಳನ್ನು ಮೂರು ವರ್ಷ ಮೂವತ್ತೈದು ಗೆಲುವಿನ ಆಸುಪಾಸಿನಲ್ಲೇ ಇಟ್ಟು, ಕೊನೆಗೆ ಬೀಲ್‌ನನ್ನೂ ಕಳೆದುಕೊಂಡು ಬರಿಗೈಯಲ್ಲಿ ನಿಲ್ಲಿಸಿದ್ದು ಅವರಿಗೆ ಮಾಡಿದ ಇನ್ನೂ ದೊಡ್ಡ ಅನ್ಯಾಯ. ಪ್ರೆಸ್ಟಿ 2019ರಲ್ಲೇ ಊರಿನ ಪತ್ರಿಕೆಯಲ್ಲಿ ಲೇಖನ ಬರೆದು, ತಂಡವನ್ನು ಮರಳಿ ಕಟ್ಟುವ ಕಾಲ ಬಂದಿದೆ ಎಂದು ಜನರಿಗೆ ತಿಳಿಸಿದ್ದರು. ತಾರೆಯನ್ನು ಬಿಟ್ಟುಕೊಡುವ ಪ್ರತಿ ತಂಡದ ಮಾಲೀಕರೂ ಕನಿಷ್ಠ ಅಷ್ಟನ್ನಾದರೂ ಮಾಡಲಿ.